ಏಳು ಸಲ ಒತ್ತಿದ ಗುಂಡಿ

ಮಲ್ಪೆಯ ಧಕ್ಕೆಯ ಪಕ್ಕ, ಐಸ್ ಪ್ಲಾಂಟಿನ ಗಾಜಿನ ಗೂಡಿನಲ್ಲಿ
ಒಂದು ಟಚ್ ಸ್ಕ್ರೀನು. ಅದರ ಮೇಲೆ ನಾನೇ ಬರೆದ
ಒಂದು ನೀಲಿ ಗುಂಡಿ: ‘ಐಸ್ ಬಿಡು’.
ಒತ್ತಿದರೆ ತೂಕದ ಯಂತ್ರಕ್ಕೆ ಸುದ್ದಿ, ಕ್ರಷರಿಗೆ ಸುದ್ದಿ,
ಪುಡಿಯಾದ ಐಸು ಕೊಳವೆಯಲ್ಲಿ ಗಡಗಡ ಜಾರಿ
ಬೋಟಿನ ಹೊಟ್ಟೆಗೆ.
ಕಲ್ಸಂಕದ ಮೂರನೇ ಮಹಡಿಯ ಆಫೀಸಿನಲ್ಲಿ
ಎಲ್ಲ ಸರಿಯಿತ್ತು. ಅಲ್ಲಿ ಐಸೂ ಇರಲಿಲ್ಲ, ಬೋಟೂ ಇರಲಿಲ್ಲ.

ಬೆಳಗಿನ ನಾಲ್ಕಕ್ಕೆ ಫೋನು.
‘ಮೇಡಂ, ಇಲ್ಲಿ ಹೆಪ್ಪುಗಟ್ಟಿದ್ದು ಐಸ್ ಮಾತ್ರ ಅಲ್ಲ,
ನಿಮ್ಮ ಪರದೆಯೂ.’
ನಗಬೇಕೋ ಬೇಡವೋ ತಿಳಿಯದೆ ಸ್ಕೂಟರು ಹತ್ತಿದೆ.

ಶೀನ ಕುಂದರ್ ಗುಂಡಿ ಒತ್ತಿದ್ದ. ಏನೂ ಆಗಲಿಲ್ಲ.
ಕೆಳಗಿಂದ ‘ಬೊಬ್ಬರ್ಯ ಕೃಪಾ’ದವರ ಕೂಗು: ಆಂಡಾ?
ಮತ್ತೆ ಒತ್ತಿದ. ಆಂಡಾ? ಮತ್ತೆ.
ಬೆರಳು ಒದ್ದೆಯಿರಬೇಕೆಂದು ಲುಂಗಿಗೆ ಒರೆಸಿ ಒತ್ತಿದ.
ಗೆಣ್ಣಿನಿಂದ ಒತ್ತಿದ. ಬೈದು ಒತ್ತಿದ.
ಎಲ್ಲ ಸೇರಿ ಏಳು.
ಆಮೇಲೆ, ಯಾರೂ ಮುಟ್ಟದೇ ಇರುವಾಗ,
ಯಂತ್ರಕ್ಕೆ ಏಳೂ ನೆನಪಾದವು.
ಒಂದರ ಬೆನ್ನಿಗೊಂದು, ನಿಲ್ಲಿಸುವವರಿಲ್ಲದೆ ಐಸು:
ಡೆಕ್ಕು ಬಿಳಿ, ಬಲೆ ಬಿಳಿ, ಯಾರದೋ ಚಾ ಗ್ಲಾಸಿನೊಳಗೂ ಬಿಳಿ,
ಉಳಿದದ್ದು ಧಕ್ಕೆಯ ಮೇಲೆ ಕರಗಿ ಹೊಳೆಗೆ.

ವಿವರಿಸಲು ಕೂತೆ. ಒಳಗೊಂದು ಲೂಪು ಇದೆ, ಶೀನಣ್ಣ,
ನಿಲ್ಲದ ಸುತ್ತು. ಸಾಲಿನಲ್ಲಿ ಯಾರಿದ್ದಾರೆ ನೋಡು,
ಮೊದಲಿನವರನ್ನು ಕರೆ, ಅವರ ಕೆಲಸದವನನ್ನು ಎಬ್ಬಿಸು,
ಅವನು ಮುಗಿಸಿದ ಮೇಲೆ ಮತ್ತೆ ಸಾಲು ನೋಡು.
ಖಾಲಿಯೆ? ಕಾಯಿ. ಕಾಯುವುದು ಅದಕ್ಕೆ ನಿದ್ದೆಯಲ್ಲ,
ಗಾಳದ ದಾರ ಹಿಡಿದವನು ಸುಮ್ಮನಿರುವ ಹಾಗೆ.
ನಿಮ್ಮ ಬೆರಳು ತಾಗಿದ್ದು ಒಂದೂ ಕಳೆದುಹೋಗಲಿಲ್ಲ,
ಏಳು ಚೀಟಿಯಾಗಿ ಸಾಲಿನಲ್ಲಿ ನಿಂತಿತ್ತು.
ತಪ್ಪು ನನ್ನದು: ತೂಕದ ಯಂತ್ರ ಉತ್ತರಿಸುವ ತನಕ
ಅಲ್ಲೇ ಕೂತಿರು ಎಂದಿದ್ದೆ ಆ ಕೆಲಸದವನಿಗೆ.
ಅವನು ಕೂತ. ಸುತ್ತೂ ಕೂತಿತು.
ಗುಂಡಿಯ ಬಣ್ಣ ಬದಲಿಸಲು ಕೂಡ ಯಾರೂ ಉಳಿಯಲಿಲ್ಲ.

ಶೀನಣ್ಣ ಇಪ್ಪತ್ತು ವರ್ಷ ತಾಂಡೇಲನಾಗಿದ್ದವನು,
ಬೆನ್ನು ಹೋದ ಮೇಲೆ ಈ ಗೂಡಿಗೆ ಬಂದವನು.
‘ಚುಕ್ಕಾಣಿ ಹಿಡಿದವ ಬಲೆ ಹೊಲಿಯಲು ಕೂರಬಾರದು’ ಎಂದ.
‘ಹರಿಯಿತಾ, ಕೂಗಬೇಕು. ಹೊಲಿಯುವವರು ಬೇರೆ.
ಹೊಲಿದಾದ ಮೇಲೆ ಅವರೇ ಕೂಗುತ್ತಾರೆ, ಆಂಡ್ ಅಂತ.
ಅಲ್ಲಿಯವರೆಗೆ ನಿನ್ನ ಕಣ್ಣು ನೀರಿನ ಮೇಲೆ.’
ನಾಲ್ಕು ವರ್ಷದ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.
ಹೇಳಿದ್ದರೋ ಏನೋ, ಪರೀಕ್ಷೆಗೆಂದು ಬರೆದುಕೊಂಡು ಮರೆತಿದ್ದೆನೋ.

ಮೀನಿನ ಕ್ರೇಟು ಮಗುಚಿ ಕೂತು ಅಲ್ಲೇ ತಿದ್ದಿದೆ.
ಒತ್ತಿದರೆ ಈಗ ಗುಂಡಿ ಕೂಡಲೇ ಬೂದಿಬಣ್ಣ,
‘ತೂಗುತ್ತಿದೆ’ ಎಂಬ ಒಂದೇ ಮಾತು,
ತೂಗುವ ಕೆಲಸ ಹಿಂದಿನ ಇನ್ನೊಂದು ಕೈಗೆ;
ಆ ಕೈ ಮುಗಿಸಿ ಸಾಲಿಗೊಂದು ಚೀಟಿ ಹಾಕಿದರೆ
ಗುಂಡಿ ಮತ್ತೆ ನೀಲಿ, ಪಕ್ಕದಲ್ಲಿ, ತುಳುವಿನಲ್ಲೇ: ‘ಆಂಡ್’.
ಶೀನಣ್ಣ ಓದಿದ. ಒಂದೇ ಸಲ ಒತ್ತಿದ.
ಮತ್ತೆ ಒತ್ತಿಬಿಟ್ಟೇನು ಎಂಬಂತೆ
ಎರಡೂ ಕೈ ಹಿಂದೆ ಕಟ್ಟಿ ನಿಂತ.

ಏಳು ಗಂಟೆಗೆ ಗೇಟಿನ ಹತ್ತಿರ ಲೆಕ್ಕದ ವಿನುತ ಹೇಳಿದಳು:
ಆರು ಲೋಡಿನ ದುಡ್ಡು ಕುಂದರ್ ಸಂಬಳದಿಂದ. ಬರೆದಾಗಿದೆ.
ಅವನು ಹೇಳಿರಲಿಲ್ಲ.
ಒತ್ತಿದ್ದು ಅವನ ಬೆರಳೇ ತಾನೆ, ಏಳು ಸಲ, ಲಾಗಿನಲ್ಲಿದೆ.
ಆ ಲಾಗು ಬರೆಯುವಂತೆ ಮಾಡಿದ್ದೂ ನಾನೇ,
ಸೆಕೆಂಡು ಸಮೇತ.

ಸ್ಕೂಟರಿನ ಕೀ ತಿರುಗಿಸಿದ್ದೆ. ಹೊರಗೆಳೆದೆ.
ಮಾಲೀಕರ ಕೋಣೆಯ ಹೊರಗೆ ಬೆಂಚು; ನನಗಿಂತ ಮೊದಲು ಮೂವರು,
ಡೀಸೆಲಿನವನು, ಉಪ್ಪಿನವನು, ಮುಂಗಡ ಕೇಳಲು ಬಂದ ಒಬ್ಬ ಹೆಂಗಸು.
ನಾಲ್ಕನೆಯವಳಾಗಿ ಕೂತೆ.
ಒಳಗಿನಿಂದ ಯಾರೋ ಕೂಗಿದರು:
ಮುಂದಿನವರು.